ಕಣ್ಣೊರೆಸಿದ ಚೀಟಿ

“ಪ್ರಯಾಣಿಕರೇ, ಇನ್ನು ಕೆಲವೇ ನಿಮಿಷಗಳಲ್ಲಿ ನಾವು ಇಳಿಯಲಿದ್ದೇವೆ,” ಎಂದು ಮಿಮಿಕ್ರಿ ಕಲಾವಿದ ಮೂಗು ಹಿಡಿದು ಪೈಲಟನ ದನಿ ತೆಗೆದಾಗ ವಿಮಾನ ನಿಲ್ದಾಣದ ಪಾಸ್‌ಪೋರ್ಟ್ ಕೌಂಟರಿನ ಅಧಿಕಾರಿ ಬಿದ್ದು ಬಿದ್ದು ನಕ್ಕ. ಅವನನ್ನು ನಗಿಸಲೇಬೇಕಿತ್ತು. ಇಲ್ಲಿ ಹಾಸಿಗೆ ಹಿಡಿದಿದ್ದ ಅಕ್ಕನನ್ನು ನೋಡಿಕೊಂಡು ಕಲಾವಿದ ಮನೆಗೆ ಹೊರಟಿದ್ದ; ಅವನ ಹೆಂಡತಿ, ಮಗಳು ಇದ್ದದ್ದು ಈ ದೇಶದ ಜೊತೆ ಮಾತು ಬಿಟ್ಟ ದೇಶದಲ್ಲಿ. ಇಲ್ಲಿಯ ಮೊಹರು ಕಂಡರೆ ಅಲ್ಲಿ ಒಳಗೆ ಬಿಡುವುದಿಲ್ಲ. ಅದಕ್ಕೇ ಮೂರನೆಯ ದೇಶ ಸುತ್ತಿ ಬಳಸಿ ಓಡಾಡುವವರೆಲ್ಲ ಪಾಸ್‌ಪೋರ್ಟಿನ ಮೇಲೊಂದು ಬಿಳಿ ಚೀಟಿ ಇಟ್ಟು, ಮೊಹರು ಅದರ ಮೇಲೇ ಬೀಳಲೆಂದು ಬೇಡಿಕೊಳ್ಳುತ್ತಾರೆ.

“ಆಯ್ತಪ್ಪ, ಚೀಟಿ ಮೇಲೇ ಒತ್ತೋಣ. ಅಗೋ, ಅಲ್ಲಿ ಬೈತಾ ಇದಾರಲ್ಲ ನಮ್ಮ ದೊಡ್ಡ ಸಾಹೇಬ್ರು, ಅವರನ್ನ ಮಾಡು ನೋಡೋಣ.”

ಕಲಾವಿದ ಹುಬ್ಬೇರಿಸಿ, “ಏನ್ರೀ ಇದು, ಆಫೀಸಾ, ಮಾವನ ಮನೇನಾ?” ಎಂದು ಗುಡುಗಿದ. ಅಧಿಕಾರಿಯ ಕಣ್ಣಲ್ಲಿ ನೀರೇ ಬಂತು. “ಸಾಕಪ್ಪ, ಸಾಯಿಸ್ಬೇಡ!” ಎನ್ನುತ್ತ ಕೈಗೆ ಸಿಕ್ಕ ಕಾಗದದಿಂದ ಕಣ್ಣೊರೆಸಿಕೊಂಡು, ಇನ್ನೊಂದು ಕೈಯಿಂದ ಮೊಹರನ್ನು ಧಡ್ಡೆಂದು ಒತ್ತಿದ. ಕೈಗೆ ಸಿಕ್ಕಿದ್ದು ಆ ಚೀಟಿ. ಮೊಹರು ಬಿದ್ದದ್ದು ಪಾಸ್‌ಪೋರ್ಟಿನ ಮೇಲೆ.

ನೀಲಿ ಶಾಯಿ ಆರುವುದನ್ನು ಇಬ್ಬರೂ ನೋಡಿದರು. “ಅಯ್ಯೋ… ಇದನ್ನ ಅಳಿಸೋಕೂ ಆಗಲ್ವಲ್ಲಪ್ಪ,” ಎಂದ ಅಧಿಕಾರಿ. ಏನಾಯಿತೆಂದು ತಿಳಿಯದ ಪಕ್ಕದ ಕೌಂಟರಿನವಳು ಕೂಗಿದಳು: “ಆ ಪೈಲಟ್‌ದು ಇನ್ನೊಂದ್ಸಲ ಮಾಡ್ರೀ, ನಾನು ಕೇಳಿಸ್ಕೊಳ್ಳಲೇ ಇಲ್ಲ!” ಕಲಾವಿದ ಅಭ್ಯಾಸಬಲದಿಂದ ಮೂಗು ಹಿಡಿದ. “ಇನ್ನು ಕೆಲವೇ ನಿಮಿಷಗಳಲ್ಲಿ ನಾವು…” ಎಂದವನಿಗೆ ಮುಂದಿನ ಮಾತು ಬರಲಿಲ್ಲ. ಬಂದಷ್ಟೂ ಅವನದೇ ದನಿಯಾಗಿತ್ತು.