ಇಳಿಜಾರಿನ ಪೆಟ್ರೋಲು

ಚಾಮುಂಡಿ ಬೆಟ್ಟದ ಮೊದಲ ಇಳಿಜಾರಿನಲ್ಲೇ ಚೆಲುವರಾಜು ಎಂದಿನಂತೆ ಟ್ಯಾಕ್ಸಿಯ ಇಂಜಿನ್ ಆರಿಸಿದ. ಪೆಟ್ರೋಲ್ ದರ ಏರಿದ ಮೇಲೆ ಊರಿನ ಟ್ಯಾಕ್ಸಿಯವರೆಲ್ಲ ಬೆಟ್ಟದಿಂದ ಹೀಗೆ ಉರುಳಿಕೊಂಡೇ ಇಳಿಯುತ್ತಿದ್ದರು. ಅದು ಗೊತ್ತಿದ್ದ, ಮಗಳ ಮದುವೆಗೆಂದು ಬೆಟ್ಟಕ್ಕೆ ಹೊರಟಿದ್ದ ಲಿಂಗಯ್ಯನವರು ಬೆಳಿಗ್ಗೆ ನಜರ್‌ಬಾದಿನಲ್ಲಿ ಹತ್ತುವ ಮೊದಲೇ ಚೌಕಾಸಿ ಮಾಡಿದ್ದರು: "ಇಳಿಯೋವಾಗ ನಿಂಗೆ ಪೆಟ್ರೋಲೇ ಸುಡಲ್ವಲ್ಲಯ್ಯ. ಬರೋದಕ್ಕೆ ಅರ್ಧ ಬಾಡಿಗೆ ಸಾಕು."

ಇಂಜಿನ್ ಸದ್ದು ನಿಂತದ್ದೇ ತಡ, ಹಿಂದಿನ ಸೀಟಿನಲ್ಲಿ ಯಾರೋ ಬಿಕ್ಕುವುದು ಕೇಳಿಸಿತು. ಹೆಣ್ಣಿನ ತಾಯಿ ಇರಬೇಕೆಂದು ಚೆಲುವರಾಜು ಕನ್ನಡಿ ನೋಡಿದ. ಸುಂದರಮ್ಮ ಒಣಗಣ್ಣಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದರು. ಶಲ್ಯದ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದವರು ಲಿಂಗಯ್ಯನವರು. ಗಂಡ ಹೆಂಡತಿಯ ನಡುವೆ ಒಬ್ಬರು ಕೂರುವಷ್ಟು ಜಾಗ ಹಾಗೇ ಇತ್ತು. ಬೆಳಿಗ್ಗೆ ಅಲ್ಲಿ ಕೂತು ಬಂದ ಮಗಳು ಬೆಟ್ಟದ ಮೇಲೆ ತಾಳಿ ಕಟ್ಟಿಸಿಕೊಂಡು ಗಂಡಿನ ಕಡೆಯವರ ಬಸ್ಸು ಹತ್ತಿ ಹೋಗಿದ್ದಳು.

ಕಾರಿನೊಳಗೆ ಟಯರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ತಾವು ಬಿಕ್ಕುವುದು ಎಲ್ಲರಿಗೂ ಕೇಳುತ್ತಿದೆಯೆಂದು ಲಿಂಗಯ್ಯನವರಿಗೂ ತಿಳಿಯಿತು. ಉಸಿರು ಬಿಗಿಹಿಡಿದು, ಒಮ್ಮೆ ಕೆಮ್ಮಿದರು. "ಏನ್ ಧೂಳಪ್ಪಾ ಈ ರಸ್ತೇಲಿ," ಎಂದರು. ಮಾತು ಮುಗಿಯುವ ಮೊದಲೇ ದನಿ ಒಡೆಯಿತು. ಸುಂದರಮ್ಮ ಮುಖವನ್ನು ಇನ್ನಷ್ಟು ಆಚೆ ತಿರುಗಿಸಿದರು.

ಚೆಲುವರಾಜು ಕೀ ತಿರುಗಿಸಿದ. ಇಂಜಿನ್ ಹತ್ತಿಕೊಂಡಿತು.

"ಬ್ರೇಕು ಯಾಕೋ ಸಡ್ಲ ಆದಂಗಿದೆ ಕಣಮ್ಮ. ಇಂಜಿನ್ ಓಡ್ತಾ ಇದ್ರೆ ವಾಸಿ," ಎಂದು ಯಾರೂ ಕೇಳದಿದ್ದರೂ ಹೇಳಿದ. ಸೆಕೆಂಡ್ ಗೇರಿಗೆ ಹಾಕಿದ. ಕಾರು ಏರು ಹತ್ತುವ ಲಾರಿಯಂತೆ ಅರಚತೊಡಗಿತು. ಕನ್ನಡಿಯನ್ನು ಮೇಲಕ್ಕೆ ತಿರುಗಿಸಿಬಿಟ್ಟ.

ಬೆಟ್ಟದ ಬುಡ ಮುಟ್ಟುವವರೆಗೂ ಅವನು ಗೇರು ಬದಲಿಸಲಿಲ್ಲ.