ಕಂಟ್ರೋಲ್ ಸಾಲು

"ನಿಮ್ಮ ಸಾಲು ಕಂಟ್ರೋಲು," ಎಂದರು ತರಬೇತಿ ಮೇಡಂ, ಕೈಯಲ್ಲಿದ್ದ ಹಾಳೆಗೆ ಗುರುತು ಹಾಕುತ್ತಾ. "ನೀವೇನೂ ಮಾಡ್ಬೇಕಾಗಿಲ್ಲ. ಇದ್ದ ಹಾಗೇ ಇರಿ. ಒಂದು ವರ್ಷ ಬಿಟ್ಟು ಬಂದು ನೋಡ್ತೀವಿ."

ಗುಂಡಿಯಕ್ಕ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಹದಿನೆಂಟು ವರ್ಷ ಹೊಸ್ತಿಲ ಮೇಲೆ ಕೂತು, ಯಾರೋ ಹೊಲಿದ ಅಂಗಿಗಳಿಗೆ ಗುಂಡಿ ಹಾಕಿ ಹಾಕಿಯೇ ಆ ಹೆಸರು ಸಂಪಾದಿಸಿದವಳು. ಅಂಥವಳ ಕೈಗೆ ಕಂಟ್ರೋಲ್ ಬಂತೆಂದರೆ! ಏನೂ ಮಾಡಬೇಕಾಗಿಲ್ಲ ಎಂದದ್ದರಿಂದ ಅವಳ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮೇಲಿನವರೆನ್ನಿಸಿಕೊಂಡವರು ಕೈಯಾರೆ ಏನಾದರೂ ಮಾಡಿದ್ದನ್ನು ಅವಳು ಇದುವರೆಗೆ ಕಂಡಿರಲಿಲ್ಲ.

ಅಲ್ಲಿ ಇದ್ದದ್ದೇ ಮೂರು ಸಾಲು ಮನೆ. ಬಡವರ ಕೈಗೊಂದು ಯಂತ್ರ ಕೊಟ್ಟುಬಿಟ್ಟರೆ ದೇಶ ತಾನಾಗಿ ಮೇಲೇಳುತ್ತದೆ ಎಂಬುದು ಯಂತ್ರದ ಸಾಹೇಬರ ವಾದ. ಅವರು ಮೇಲಿನ ಸಾಲಿಗೆ ಮನೆಗೊಂದರಂತೆ ಹೊಲಿಗೆ ಯಂತ್ರ ಇಳಿಸಿದರು. ಕಲಿಸದೆ ಯಂತ್ರ ಕೊಟ್ಟು ಏನು ಬಂತು ಎಂಬುದು ತರಬೇತಿ ಮೇಡಂ ವಾದ. ಅವರು ಕೆಳಗಿನ ಸಾಲಿನವರಿಗೆ ಮೂರು ತಿಂಗಳು ಹೊಲಿಗೆ ಕಲಿಸಿ, ಒಂದೊಂದು ಸರ್ಟಿಫಿಕೇಟು ಕೊಟ್ಟರು. ಯಾರ ವಾದ ಸರಿ ಎಂದು ಹೋಲಿಸಿ ನೋಡುವುದಕ್ಕೆ, ಏನೂ ಸಿಗದ ನಡುವಿನ ಸಾಲು. ವರ್ಷದಲ್ಲಿ ಫಲ ಕಾಣದಿದ್ದರೆ ಯಂತ್ರಗಳು ವಾಪಸ್ಸು ಎಂದು ಮೊದಲೇ ಮಾತಾಗಿತ್ತು.

ನಾಲ್ಕು ತಿಂಗಳಾಗುವಷ್ಟರಲ್ಲಿ ಮೇಲಿನ ಸಾಲಿನ ಯಂತ್ರಗಳ ಮೇಲೆ ಒದ್ದೆ ಬಟ್ಟೆ ಒಣಗತೊಡಗಿತು. ಕೆಳಗಿನ ಸಾಲಿನಲ್ಲಿ ಸರ್ಟಿಫಿಕೇಟುಗಳು ಗಾಜು ಹಾಕಿಸಿಕೊಂಡು ಗೋಡೆಗೆ ನೇತುಬಿದ್ದವು. ಗುಂಡಿಯಕ್ಕನಿಗೆ ಇದನ್ನು ನೋಡಿ ಸಹಿಸಲಾಗಲಿಲ್ಲ. ತಾನೊಬ್ಬಳು ಇರುವಾಗ ಹೀಗೆ ಬಿಟ್ಟರೆ ಹೇಗೆ? ನೆಟ್ಟಗೆ ಮೇಲಿನ ಸಾಲಿನ ನಾದಿನಿಯ ಮನೆಗೆ ನುಗ್ಗಿದಳು. ಅಲ್ಲಿ ಯಂತ್ರದ ಮೇಲೆ ಟಿ.ವಿ. ಕೂತಿತ್ತು.

"ಮೊದಲು ಅದನ್ನ ಇಳಿಸೇ."

"ಹೇಳೋಕೆ ನೀವ್ಯಾರು ಅತ್ತಿಗೆ?"

"ನಾನು ಕಂಟ್ರೋಲು. ಮೇಡಂ ಹಾಳೇಲಿ ಬರ್ಕೊಂಡು ಹೋಗಿದ್ದಾರೆ. ಬೇಕಾದ್ರೆ ಹೋಗಿ ಕೇಳು."

ಹಾಳೆಯಲ್ಲಿ ಬರೆದದ್ದಕ್ಕೆ ಎದುರಾಡುವುದುಂಟೇ? ಟಿ.ವಿ. ಇಳಿಯಿತು. ಕಲಿತ ಕೆಳಗಿನ ಸಾಲಿನವರು ಮೇಲಿನ ಸಾಲಿಗೆ ಬಂದು ಯಂತ್ರದ ಮುಂದೆ ಕೂತರು. ಯಂತ್ರದವರು ಅವರ ಪಕ್ಕದಲ್ಲೇ ಕೂತು ನೋಡಿ ನೋಡಿ ಕಲಿತರು. ಗುಂಡಿ, ಇಸ್ತ್ರಿ ನಡುವಿನ ಸಾಲಿಗೆ. ಶಾಲೆಯ ಸಮವಸ್ತ್ರದ ಆರ್ಡರು ಹಿಡಿಯಲು ಗುಂಡಿಯಕ್ಕ ತಾನೇ ಹೆಡ್‌ಮಾಸ್ಟರ ಎದುರು ಹೋಗಿ ನಿಂತು, "ನಾನು ಕಂಟ್ರೋಲು," ಎಂದಳು. ಹಾಗೆಂದರೇನು ಎಂದು ಕೇಳುವ ಧೈರ್ಯ ಹೆಡ್‌ಮಾಸ್ಟರಿಗೂ ಆಗಲಿಲ್ಲ. ವರ್ಷ ತುಂಬುವ ಹೊತ್ತಿಗೆ ಮೂರು ಸಾಲಿನಲ್ಲೂ ಸೋರುವ ಸೂರು ಒಂದೂ ಉಳಿದಿರಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಇಬ್ಬರೂ ಬಂದರು. ಮೇಲಿನ ಸಾಲು ನೋಡಿ ಸಾಹೇಬರು, "ನಾನು ಹೇಳಿರ್ಲಿಲ್ವಾ?" ಎಂದು ಬೀಗಿದರು. ಕೆಳಗಿನ ಸಾಲು ನೋಡಿ ಮೇಡಂ, "ನಾನು ಹೇಳಿದ್ದೂ ಇದನ್ನೇ ಅಲ್ವಾ?" ಎಂದರು. ನಡುವಿನ ಸಾಲಿಗೆ ಕಾಲಿಟ್ಟಿದ್ದೇ ತಡ, ಇಬ್ಬರ ಮುಖವೂ ಹುಳ್ಳಗಾಯಿತು. ಅಲ್ಲೂ ಅಷ್ಟೇ ಏಳಿಗೆ!

"ಏನೂ ಕೊಡದ ಸಾಲೇ ಇಷ್ಟು ಸುಧಾರಿಸಿದ್ರೆ, ಯಂತ್ರದಿಂದಲೂ ಏನೂ ಆಗಿಲ್ಲ, ತರಬೇತಿಯಿಂದಲೂ ಏನೂ ಆಗಿಲ್ಲ ಅಂತ ಬರೀಬೇಕಾಗುತ್ತೆ," ಎಂದರು ಸಾಹೇಬರು. ಮೇಡಂ ಹೌದೆಂದು ತಲೆಯಾಡಿಸಿದರು. ವರ್ಷದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದೇ ಮಾತು. "ನಾಳಿದ್ದು ಗಾಡಿ ಬರುತ್ತೆ," ಎಂದರು ಸಾಹೇಬರು. "ಯಂತ್ರಗಳನ್ನ ಒರೆಸಿ ಇಡೋಕೆ ಹೇಳಿ."

ಗುಂಡಿಯಕ್ಕ ಅಡ್ಡ ಬಂದು ನಿಂತಳು. "ಅಯ್ಯೋ, ನಡೆಸಿದ್ದು ನಾನಲ್ವಾ ಮೇಡಂ? ನೀವೇ ತಾನೇ ನನಗೆ ಕಂಟ್ರೋಲ್ ಕೊಟ್ಟಿದ್ದು?"

ಮೇಡಂಗೆ ನಗು ಬಂತು, ಆಮೇಲೆ ಪಾಪವೆನಿಸಿತು. "ಕಂಟ್ರೋಲ್ ಅಂದ್ರೆ ನಡೆಸೋರಲ್ಲಮ್ಮ. ಬೇರೆಯವರು ಎಷ್ಟು ಮುಂದೆ ಬಂದ್ರು ಅಂತ ನಮಗೆ ಗೊತ್ತಾಗ್ಬೇಕಾದ್ರೆ, ನಿಮ್ಮ ಸಾಲು ಹಿಂದೇನೇ ಉಳೀಬೇಕಿತ್ತು."

ಗುಂಡಿಯಕ್ಕನಿಗೆ ನಾಚಿಕೆಯಾಯಿತು, ಅಳುವೂ ಬಂತು. ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳಲ್ಲ! ಅಷ್ಟರಲ್ಲಿ ಮೇಲಿನ ಸಾಲಿನಿಂದ ಯಂತ್ರಗಳ ಸದ್ದು ಕೇಳಿಸಿತು. ಸಂಜೆಯೊಳಗೆ ನಲವತ್ತು ಅಂಗಿ ಮುಗಿಯಬೇಕಿತ್ತು. ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ನಿಮ್ಮ ಹಾಳೆ ಇನ್ನೂ ತುಂಬಿಲ್ಲ ತಾನೇ ಮೇಡಂ? ನಾಳೆ ಬೆಳಿಗ್ಗೆ ನಮ್ಮ ಸಾಲಿಗೆ ಇನ್ನೊಂದ್ಸಲ ಬನ್ನಿ. ಎಷ್ಟು ಬಡವರಾಗಿರ್ಬೇಕು ಅನ್ನೋದನ್ನ ಮಾತ್ರ ಈಗಲೇ ಹೇಳ್ಬಿಡಿ, ಎಲ್ಲರಿಗೂ ತಿಳಿಸ್ತೀನಿ."