ಡೆಫಿನೆಟ್ಲಿ

ಇಂದುಮತಿ ಮೇಡಂ ರವಿಕೆಗಾಗಿ ಟೇಲರ್ ಮೌನೇಶನ ಅಂಗಡಿಗೆ ಬಂದದ್ದು ಇದು ನಾಲ್ಕನೇ ಸಲ. ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದ ಅವರಿಗೆ ನಾಳೆಯೇ ಬೀಳ್ಕೊಡುಗೆ ಸಮಾರಂಭ. ಅದಕ್ಕೆಂದೇ ಕೊಂಡ ರೇಷ್ಮೆ ಸೀರೆಯ ಜೊತೆ ಬಂದ ರವಿಕೆ ಬಟ್ಟೆ ಅವನ ಬಳಿ ಸಿಕ್ಕಿಕೊಂಡಿತ್ತು.

"ಸಂಜೆಗೆ ಡೆಫಿನೆಟ್ಲಿ ಮೇಡಂ," ಎಂದ ಮೌನೇಶ, ತಲೆಯೆತ್ತದೆ.

ಮೇಡಂಗೆ ರೇಗಿತು. "ಹೋದ ವಾರವೂ ಡೆಫಿನೆಟ್ಲಿ, ನಿನ್ನೆಯೂ ಡೆಫಿನೆಟ್ಲಿ! ಆ ಮಾತಿನ ಅರ್ಥವಾದರೂ ಗೊತ್ತೇನಪ್ಪಾ ನಿನಗೆ?"

"ಇಲ್ಲ ಮೇಡಂ. ಅದನ್ನ ಕೇಳಿದ ಕೂಡಲೇ ಗಿರಾಕಿಗಳು ಸುಮ್ಮನಾಗ್ತಾರೆ, ಅದಕ್ಕೇ ಅಂತೀನಿ."

ಪಾಠ ಮಾಡದೆ ಮೇಡಂ ಬಿಟ್ಟಾರೆಯೇ? ಸ್ಟೂಲಿನ ಮೇಲೆ ಕೂತೇಬಿಟ್ಟರು. "ಅದು ಲ್ಯಾಟಿನ್ನಿಂದ ಬಂದ ಮಾತು. ಅದರೊಳಗೆ ಎಲ್ಲೆ, ಗಡಿ ಅನ್ನೋ ಅರ್ಥ ಇದೆ. ಎಲ್ಲೆ ಹಾಕಿದ ಮೇಲೆ ಮುಗೀತು, ಆಚೀಚೆ ಸರಿಯೋ ಹಾಗಿಲ್ಲ. ನಾವು ಖಂಡಿತ ಅಂತೀವಲ್ಲ, ಅದೂ ಹಾಗೇ. ಸಂಸ್ಕೃತದಲ್ಲಿ ಖಂಡಿತ ಅಂದರೆ ಕತ್ತರಿಸಿದ್ದು. ಒಮ್ಮೆ ಕತ್ತರಿಸಿದ್ದು ಮತ್ತೆ ಮೊದಲಿನ ಹಾಗೆ ಕೂಡೋದಿಲ್ಲ. ತಿಳೀತಾ?"

ಮೌನೇಶನ ಮುಖ ಬಿಳಿಚಿತು. ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಪಾಠ ಇಷ್ಟು ಬೇಗ ನಾಟಿದ್ದು ಕಂಡು ಮೇಡಂಗೆ ಒಳಗೊಳಗೇ ಹಿಗ್ಗು. ಇಷ್ಟು ವರ್ಷಗಳಲ್ಲಿ ಇಂಥ ವಿದ್ಯಾರ್ಥಿ ಅವರಿಗೆ ಸಿಕ್ಕಿರಲಿಲ್ಲ.

"ತಿಳೀತು ಮೇಡಂ," ಎಂದ ಅವನು. "ತಾವು ತೋಳಿಲ್ಲದ ರವಿಕೆ ಹಾಕ್ಕೋತೀರಾ?"